ನಾಲಿಗೆಗೆ ಗೊತ್ತಿದ್ದ ಮಣ್ಣು

ಬಂಟ್ವಾಳದ ನರಿಕೊಂಬಿನಲ್ಲಿ ನೇತ್ರಾವತಿಯ ದಂಡೆಯ ಹೊಯಿಗೆಯನ್ನು ಮುಷ್ಟಿ ತುಂಬ ಹಿಡಿದು ಬೆರಳು ಸಡಿಲಿಸಿದರೆ ಅದು ಸಂದಿಯಿಂದ ಜಾರಿ ಹೋಗುತ್ತದೆ. ಒದ್ದೆ ಹೊಯಿಗೆಗೆ ಒಂದು ಉಂಗುರ ಒತ್ತಿ ತೆಗೆದರೆ ಗುರುತೇನೋ ಮೂಡುತ್ತದೆ. ಆದರೆ ನೀರು ಆರುವಷ್ಟರಲ್ಲಿ ಅಂಚು ಕುಸಿದು, ಉಂಗುರ ಇದ್ದಲ್ಲಿ ಬರಿಯ ಗುಳಿ ಉಳಿಯುತ್ತದೆ. ಗೋಡೆ ಕಟ್ಟಲು ಒದಗುವ ಈ ಹೊಯಿಗೆ ಉಂಗುರ ಎರೆಯಲು ಒದಗುವುದಿಲ್ಲ. ಎರಕಕ್ಕೆ ಬೇಕಾದದ್ದು ಬೆರಳಚ್ಚನ್ನೂ ಹಿಡಿದಿಡುವ, ಕಾದ ಲೋಹ ಮೈಮೇಲೆ ಬಿದ್ದರೂ ಕುಸಿಯದ ಮರಳು. ಮನೆಯ ಮೂಲೆಯಲ್ಲಿ ಕುಳಿತು ಮರಳಿನ ಅಚ್ಚಿನಲ್ಲಿ ಲೋಹ ಹೊಯ್ಯುವ ವಿದ್ಯೆ ಕರ್ನಾಟಕದಲ್ಲಿ ಮನೆಮಾತಾದದ್ದು ಕರಾವಳಿಯಿಂದ ಬಹು ದೂರದಲ್ಲಿ, ರಾಜ್ಯದ ಉತ್ತರದ ತುದಿಯ ಬೀದರಿನಲ್ಲಿ. ಅಲ್ಲಿನ ನೆಲ ಮಾತ್ರ ಬಂಟ್ವಾಳದವರಿಗೆ ಹೊಸತಲ್ಲ. ಅಲ್ಲಿಯೂ ಕಾಲಡಿಯಲ್ಲಿ ಇರುವುದು ಕೆಂಪು ಮುರಕಲ್ಲೇ.

ಬೀದರಿನ ಒಂದು ಕಿರಿದಾದ ಕೋಣೆಯಲ್ಲಿ ಈ ವಿದ್ಯೆಯ ಕೊನೆಯ ಗಳಿಗೆ ಹೀಗೆ ನಡೆಯುತ್ತಿತ್ತು. ಕಸುಬಿನವನ ಮುಂದೆ ಒಂದು ಬಳೆ. ಅದರ ಮೈ ಬೂದು. ಹೂಬಳ್ಳಿಯ ಗೆರೆಗಳಲ್ಲಿ ಕೂರಿಸಿದ ಬೆಳ್ಳಿಯ ತಂತಿಯೂ ಹೆಚ್ಚು ಕಡಿಮೆ ಅದೇ ಬಣ್ಣ. ದಿನಗಟ್ಟಲೆ ಕೊರೆದು ಕೂರಿಸಿದ ಚಿತ್ತಾರ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಆತ ಬಳೆಯನ್ನು ಹದವಾಗಿ ಬಿಸಿ ಮಾಡಿದ. ಹಳೆಯ ಕೋಟೆಯಿಂದ ತಂದ ಒಂದು ಹಿಡಿ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಅದರ ಮೈಗೆ ತಿಕ್ಕಿದ. ತೊಳೆದಾಗ ಬೂದು ಮೈ ಅಮಾವಾಸ್ಯೆಯಂತೆ ಕಪ್ಪಾಗಿತ್ತು. ಬೆಳ್ಳಿಗೆ ಮಾತ್ರ ಒಂದು ಚುಕ್ಕೆ ಕಲೆಯೂ ತಾಗಿರಲಿಲ್ಲ. ಕಾಣದಿದ್ದ ಬಳ್ಳಿ ಕತ್ತಲಲ್ಲಿ ಹೂಬಿಟ್ಟಿತ್ತು.

ಒಂದೇ ಮಣ್ಣು, ಒಂದೇ ಕಾವು, ಒಂದೇ ನೀರು. ಒಂದು ಲೋಹ ಕಪ್ಪಾಯಿತು, ಅದರೊಳಗೇ ಕೂತಿದ್ದ ಇನ್ನೊಂದು ಬೆಳ್ಳಗೇ ಉಳಿಯಿತು. ನೋಡಿದವರೆಲ್ಲ ಬೆರಗಾದರು. ಕೋಟೆಯ ಮಣ್ಣಿನಲ್ಲೇ ಏನೋ ಇದೆ ಎಂದರು. ಆ ಮಾತು ಅರ್ಧ ನಿಜವಾಗಿತ್ತು. ಉಳಿದ ಅರ್ಧ ಹೊರಬರಲು ನೂರಾರು ವರ್ಷ ಬೇಕಾಯಿತು. ಅದರ ದಾರಿ ಮರಳು, ಹೊಗೆ ಮತ್ತು ಒಂದು ಚಿಟಿಕೆ ತಾಮ್ರದ ನಡುವೆ ಹಾದುಹೋಯಿತು.

ಮೊದಲ ತೊಡಕು ಮರಳಿನದು. ನೀರಿನಲ್ಲಿ ಕಲಸಿದ ಅಚ್ಚು ಒದ್ದೆಯಿದ್ದಾಗ ಗಟ್ಟಿ, ಆದರೆ ಆ ಒದ್ದೆಯೇ ಎರಕದ ವೈರಿ. ಕಾದ ಲೋಹ ತಾಗಿದೊಡನೆ ನೀರಿನ ಹನಿ ಉಗಿಯಾಗಿ 1,600 ಪಟ್ಟಿಗಿಂತಲೂ ಹೆಚ್ಚು ಹಿಗ್ಗುತ್ತದೆ. ಹೊರಹೋಗಲು ದಾರಿ ಸಿಗದ ಉಗಿ ಲೋಹದೊಳಗೆ ಗುಳ್ಳೆಯಾಗಿ ನಿಲ್ಲುತ್ತದೆ, ಇಲ್ಲವೇ ಲೋಹವನ್ನೇ ಮೇಲಕ್ಕೆ ಚಿಮ್ಮಿಸುತ್ತದೆ. ಎರಕದವರ ಮುಂಗೈಗಳ ಮೇಲಿನ ಎಷ್ಟೋ ಸುಟ್ಟ ಗುರುತುಗಳಿಗೆ ಇಂಥದೊಂದು ಹನಿಯೇ ಕಾರಣ. ಅಚ್ಚನ್ನು ಪೂರಾ ಒಣಗಿಸಿದರೆ ಅದು ಪುಡಿಯಾಗಿ ಉದುರುತ್ತಿತ್ತು. ಮರಳು ತೀರ ನುಣುಪಾದರೆ ಗಾಳಿ ಹೊರಹೋಗದೆ ತೂತು ಬೀಳುತ್ತಿತ್ತು. ತೀರ ಒರಟಾದರೆ ಬಳೆಯ ಮೈ ಮುರಕಲ್ಲಿನಂತೆ ತರಿತರಿಯಾಗುತ್ತಿತ್ತು. ಒಡೆದ ಅಚ್ಚುಗಳನ್ನು ಕುಟ್ಟಿ, ಜರಡಿ ಹಿಡಿದು, ಮತ್ತೆ ಮೊದಲಿನಿಂದ ಕಲಸಬೇಕಿತ್ತು.

ಕೊನೆಗೆ ಬೀದರಿನವರ ಕೈಗೆ ಬಂದ ಉಪಾಯದಲ್ಲಿ ನೀರಿಗೆ ಜಾಗವೇ ಇರಲಿಲ್ಲ. ಅವರು ಮಣ್ಣನ್ನು ಹರಳೆಣ್ಣೆ ಮತ್ತು ರಾಳದಲ್ಲಿ ಕಲಸಿದರು. ಎಣ್ಣೆ ಪ್ರತಿಯೊಂದು ಕಣಕ್ಕೂ ತೆಳುವಾಗಿ ಸವರಿಕೊಂಡಿತು, ರಾಳ ಅವುಗಳನ್ನು ಒಂದಕ್ಕೊಂದು ಅಂಟಿಸಿತು. ಹರಳೆಣ್ಣೆ ನೀರಿನಂತೆ ತಟ್ಟನೆ ಉಗಿಯಾಗಿ ಸಿಡಿಯುವುದಿಲ್ಲ. ಮಾದರಿಯನ್ನು ಅದರೊಳಗೆ ಒತ್ತಿ ತೆಗೆದರೆ ಗೆರೆ ಗೆರೆಯೂ ಉಳಿಯಿತು. ಇಂದು ಬೇರೆ ಬೇರೆ ದೇಶಗಳಲ್ಲಿ ಮನೆಯಲ್ಲೇ ಉಂಗುರ ಎರೆಯುವ ಹವ್ಯಾಸಿಗಳು ಎರಡು ಚೌಕಟ್ಟಿನ ನಡುವೆ ತುಂಬುವುದೂ ಎಣ್ಣೆ ಕಲಸಿದ ನುಣ್ಣನೆಯ ಮರಳನ್ನೇ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಆ ಮರಳಿನ ಹಿಂದಿರುವ ಗುಟ್ಟನ್ನು ಬೀದರಿನ ಓಣಿಗಳು ಹರಳಿನ ಬೀಜ ಗಾಣಕ್ಕೆ ಹಾಕುವ ಕಾಲದಿಂದಲೂ ಬಲ್ಲವು.

ಅಚ್ಚು ಸಿದ್ಧವಾಯಿತು. ಅದಕ್ಕೆ ಹೊಯ್ಯುವ ಲೋಹ ಯಾವುದು? ಬೆಳ್ಳಿ ಕರಗಲು 962 ಡಿಗ್ರಿ ಸೆಲ್ಸಿಯಸ್ ಬೇಕು, ಚಿನ್ನಕ್ಕೆ 1,064, ತಾಮ್ರಕ್ಕೆ 1,085. ಸತುವಿಗೆ 420 ಸಾಕು. ಮನೆಯ ಮೂಲೆಯ ಇದ್ದಲ ಒಲೆ, ಒಂದು ತಿದಿ, ಒಂದು ಮೂಸೆ ಇದ್ದರೆ ಸತು ಹಾಲಿನಂತೆ ಕರಗಿ ಹರಿಯುತ್ತದೆ. ಹೂಜಿ, ಹುಕ್ಕಾದ ಬುಡ, ಪಾನ್‌ದಾನಿ, ಬಳೆ, ಉಂಗುರ, ಅಂಗಿಯ ಗುಂಡಿ, ಏನು ಬೇಕಾದರೂ ಎರೆಯಬಹುದು. ಆದ್ದರಿಂದಲೇ ಬಿದ್ರಿ ಎಂದು ಹೆಸರಾದ ಬೀದರಿನ ಈ ಕಲೆಯ ಮೈಯೆಲ್ಲ ಬಹುತೇಕ ಸತುವೇ ಆಯಿತು. ಆದರೆ ಇಷ್ಟು ಸುಲಭವಾಗಿ ಕರಗುವ ಈ ಲೋಹ ಲೋಕದಲ್ಲೇ ಅತ್ಯಂತ ತಡವಾಗಿ, ಅತ್ಯಂತ ಕಷ್ಟಪಟ್ಟು ಹಿಡಿದ ಲೋಹಗಳಲ್ಲಿ ಒಂದು. ಬೀದರಿನ ಒಲೆ ಹೊತ್ತುವ ಮೊದಲು ಯಾರೋ ಅದನ್ನು ಕಲ್ಲಿನಿಂದ ಬಿಡಿಸಿರಬೇಕಿತ್ತು.

ಸತುವಿನ ಅದಿರನ್ನು ಇದ್ದಲಿನ ಜೊತೆ ಕಾಯಿಸಿದವರು ಹಲವರಿದ್ದರು. ಕಬ್ಬಿಣ ಬಂದ ಹಾಗೆ, ತಾಮ್ರ ಬಂದ ಹಾಗೆ ಸತುವೂ ಒಲೆಯ ತಳದಲ್ಲಿ ಇಳಿದಿರುತ್ತದೆ ಎಂದು ಕಾದರು. ಕುಲುಮೆ ಒಡೆದು ನೋಡಿದರೆ ತಳದಲ್ಲಿ ಏನೂ ಇರುತ್ತಿರಲಿಲ್ಲ. ಒಲೆಯ ಬಾಯಿಯ ಸುತ್ತ ಮಾತ್ರ ಬಿಡಿಸಿದ ಹತ್ತಿಯಂಥ ಬಿಳಿಯ ಹಿಟ್ಟು ಅಂಟಿರುತ್ತಿತ್ತು. ಯುರೋಪಿನ ರಸವಾದಿಗಳು ಅದನ್ನು ತತ್ತ್ವಜ್ಞಾನಿಗಳ ಉಣ್ಣೆ ಎಂದು ಕರೆದರು. ಆ ಉಣ್ಣೆಯೇ ತಪ್ಪಿಸಿಕೊಂಡು ಹೋದ ಸತು. ಅದಿರಿನಿಂದ ಸತು ಬೇರೆಯಾಗಲು ಸುಮಾರು 1,000 ಡಿಗ್ರಿ ಬೇಕು. ಸತುವಾದರೋ 907ಕ್ಕೇ ಕುದಿದು ಹಾರಿಹೋಗುತ್ತದೆ. ಹುಟ್ಟಿದ ಗಳಿಗೆಯಲ್ಲೇ ಅದು ಹಬೆ. ಗಾಳಿ ಕಂಡೊಡನೆ ಉರಿದು ಬಿಳಿಯ ಬೂದಿ. ಹಿತ್ತಾಳೆ ಮಾಡುವವರು ತಾಮ್ರದ ತುಂಡುಗಳನ್ನು ಆ ಹಬೆಯಲ್ಲೇ ಇಟ್ಟು ಸತುವನ್ನು ತಾಮ್ರದೊಳಗೆ ಸಿಕ್ಕಿಸಿಕೊಂಡರು. ಆದರೆ ಸತುವನ್ನು ಸತುವಾಗಿಯೇ ಕೈಯಲ್ಲಿ ಹಿಡಿಯಲು ಅವರಿಂದ ಆಗಲಿಲ್ಲ.

ಯುರೋಪಿಗೆ ಈ ಲೋಹ ಹಡಗಿನಲ್ಲಿ ಬರುತ್ತಿತ್ತು. ತಮಿಳಿನಲ್ಲಿ ತುತ್ತನಾಗಂ ಎಂದು ಕರೆಯುವ ಅದು ಅಲ್ಲಿನ ವರ್ತಕರ ಬಾಯಲ್ಲಿ ಟುಟೆನಾಗ್ ಆಗಿತ್ತು. 1745ರ ಸೆಪ್ಟೆಂಬರ್ 12ರಂದು ಗೋಥೆಬೋರ್ಗ್ ಎಂಬ ಸ್ವೀಡನ್ನಿನ ಹಡಗು ಚೀನಾದಿಂದ ಚಹಾ, ರೇಷ್ಮೆ, ಪಿಂಗಾಣಿಯ ಜೊತೆ ಈ ಲೋಹವನ್ನೂ ಹೇರಿಕೊಂಡು ತನ್ನ ಊರಿನ ಬಂದರಿನ ಬಾಯಿಗೆ ಬಂದಿತ್ತು. ಎರಡು ವರ್ಷಕ್ಕೂ ಹೆಚ್ಚಿನ ಪಯಣ ಮುಗಿಯುವುದರಲ್ಲಿತ್ತು. ದಡದಲ್ಲಿ ಜನ ಕಾಯುತ್ತಿದ್ದರು. ಅವರ ಕಣ್ಣೆದುರೇ ಹಡಗು ಬಂಡೆಗೆ ಬಡಿದು ಮುಳುಗಿತು. ಪೂರ್ವದ ನಾಡುಗಳಿಂದ ತರಬೇಕಾದ ಆ ಲೋಹ ಸಮುದ್ರದ ತಳ ಸೇರಿತು. ಮರುವರ್ಷ, 1746ರಲ್ಲಿ, ಬರ್ಲಿನ್ನಿನ ಆಂಡ್ರಿಯಾಸ್ ಮಾರ್ಗ್‌ಗ್ರಾಫ್ ಅದಿರನ್ನೂ ಇದ್ದಲನ್ನೂ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಸತುವನ್ನು ಬೇರ್ಪಡಿಸಿದ. ಯುರೋಪಿನ ರಸಾಯನಶಾಸ್ತ್ರದ ಪುಸ್ತಕಗಳು ಸತುವನ್ನು ಕಂಡುಹಿಡಿದ ಹಿರಿಮೆಯನ್ನು ಬಹುಕಾಲ ಅವನಿಗೇ ಕೊಟ್ಟವು.

ಅದಕ್ಕೂ ಮೊದಲೇ ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ವಿಲಿಯಂ ಚಾಂಪಿಯನ್ ಎಂಬಾತ ಇದೇ ಹಬೆಯ ಬೆನ್ನು ಹತ್ತಿದ್ದ. ವರ್ಷಗಟ್ಟಲೆ ಕುಲುಮೆ ಕಟ್ಟಿ ಕೆಡವಿದ. ಹಬೆ ಮೇಲಕ್ಕೆ ಏರುತ್ತದೆ ಎಂಬುದು ಎಲ್ಲರೂ ಕಂಡ ಮಾತು. ಆತ ಅದನ್ನು ಕೆಳಕ್ಕೆ ಇಳಿಸಿದ. ಮೂಸೆಯ ಮೇಲ್ಬಾಯಿಯನ್ನು ಬಿಗಿದು, ತಳಕ್ಕೆ ತೂತು ಮಾಡಿ, ಕೊಳವೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಬೆಂಕಿಯ ಕೆಳಗಿನ ತಂಪು ಕೋಣೆಗೆ ಬಿಟ್ಟ. ಓಡಲು ಬೇರೆ ದಾರಿಯಿಲ್ಲದೆ ಹಬೆ ಕೆಳಗಿಳಿದು, ತಣಿದು, ಲೋಹವಾಗಿ ತೊಟ್ಟಿಕ್ಕಿತು. 1738ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಲೋಹ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. 1769ರಲ್ಲಿ ಆತ ದಿವಾಳಿಯಾದ. ಬೆಂಕಿಯ ಕೆಳಗೆ ತಂಪು ಕೋಣೆ ಇಡುವ ಅವನ ಯೋಚನೆ ಮಾತ್ರ ಲೋಕಕ್ಕೆ ಹೊಸದೆಂದು ತೋರಿತು.

ಅದು ಹೊಸದಲ್ಲ ಎಂಬ ಸುಳಿವು ಕಾಗದದಲ್ಲಿ ಸಿಕ್ಕಿತು. ಕಲ್ಕತ್ತದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಪ್ರಫುಲ್ಲಚಂದ್ರ ರಾಯ್ ಹಳೆಯ ರಸಗ್ರಂಥಗಳ ಹಸ್ತಪ್ರತಿಗಳನ್ನು ಒಂದೊಂದಾಗಿ ಬಿಡಿಸಿ ಓದುತ್ತಿದ್ದರು. 1902ರಲ್ಲಿ ಅವರ ಹಿಂದೂ ರಸಾಯನಶಾಸ್ತ್ರ ಚರಿತ್ರೆಯ ಮೊದಲ ಸಂಪುಟ ಹೊರಬಂತು. ರಸರತ್ನಸಮುಚ್ಚಯದಂಥ ಗ್ರಂಥಗಳಲ್ಲಿ ರಸಕ ಎಂಬ ಅದಿರನ್ನು ಬದನೆಕಾಯಿ ಆಕಾರದ ಮೂಸೆಗೆ ತುಂಬಿ ಸತ್ತ್ವ ತೆಗೆಯುವ ವಿಧಾನವಿತ್ತು. ಉರಿಯ ಬಣ್ಣ ನೀಲಿಯಿಂದ ಬಿಳುಪಿಗೆ ತಿರುಗಿದಾಗ ಮೂಸೆಯನ್ನು ಇಕ್ಕಳದಲ್ಲಿ ಹಿಡಿದು ಬಾಯಿ ಕೆಳಗೆ ಮಾಡಬೇಕು ಎಂಬ ಸೂಚನೆಯೂ ಇತ್ತು. ಸಿಗುವ ಲೋಹ ತವರದಂತೆ ಹೊಳೆಯುತ್ತದೆ ಎಂದೂ ಹೇಳಿತ್ತು. ಬರೆದವರು ಒಲೆಯ ಮುಂದೆ ಕುಳಿತು ಉರಿಯನ್ನು ದಿಟ್ಟಿಸಿ ನೋಡಿದ್ದವರು ಎಂಬುದಕ್ಕೆ ಆ ಬಣ್ಣದ ಮಾತೊಂದೇ ಸಾಕಿತ್ತು. ಆದರೆ ಪುಸ್ತಕದ ಮೂಸೆ ನೆಲದಲ್ಲಿ ಎಲ್ಲಿತ್ತು?

ಅದು ಎಲ್ಲರ ಕಣ್ಣೆದುರೇ ಇತ್ತು. ರಾಜಸ್ಥಾನದ ಉದಯಪುರದ ಬಳಿಯ ಜಾವರ್‌ನಲ್ಲಿ ಬೆಟ್ಟದ ಬುಡದಲ್ಲೆಲ್ಲ ಸುಟ್ಟ ಮಣ್ಣಿನ ಉದ್ದನೆಯ ಕೊಳವೆಗಳು ರಾಶಿ ರಾಶಿಯಾಗಿ ಬಿದ್ದಿದ್ದವು. ಹೊರಮೈ ಬೆಂಕಿಗೆ ಕರಗಿ ಗಾಜಿನಂತೆ ಮಿನುಗುತ್ತಿತ್ತು. ಊರಿನವರು ಅವುಗಳನ್ನು ಇಟ್ಟಿಗೆಯಂತೆ ಅಡ್ಡಡ್ಡ ಪೇರಿಸಿ ಮನೆಯ ಗೋಡೆ ಕಟ್ಟಿಕೊಂಡಿದ್ದರು. ದನ ಕಟ್ಟಿದ್ದು, ಮಕ್ಕಳು ಆಡಿದ್ದು, ಅಡಿಗೆ ಬೆಂದದ್ದು ಎಲ್ಲ ಆ ಗೋಡೆಗಳ ನಡುವೆಯೇ. ಆ ಕೊಳವೆಗಳು ಸತು ಇಳಿಸಿದ ಮೂಸೆಗಳು ಎಂಬುದು ವಿದ್ವಾಂಸರಿಗೆ ಗೊತ್ತಾಗಿತ್ತು. ಒಳಗೆ ನಡೆದದ್ದು ಹೇಗೆ ಎಂದು ತಿಳಿಯಲು ಮುರಿದ ಮೂಸೆ ಸಾಲದು, ಇದ್ದಲ್ಲೇ ಉಳಿದ ಕುಲುಮೆ ಬೇಕಿತ್ತು.

1980ರ ದಶಕದ ಮೊದಲಲ್ಲಿ ಬ್ರಿಟಿಷ್ ಮ್ಯೂಸಿಯಂನ ಪಾಲ್ ಕ್ರಾಡಕ್, ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಕೆ.ಟಿ.ಎಂ. ಹೆಗ್ಡೆ ಮತ್ತು ಹಿಂದುಸ್ತಾನ್ ಜಿಂಕ್ ಸಂಸ್ಥೆಯವರು ಸೇರಿ ಜಾವರ್‌ನ ರಾಶಿಗಳ ನಡುವೆ ಅಗೆತಕ್ಕೆ ಇಳಿದರು. ಕಸ, ಬೂದಿ, ಒಡಕು ಮೂಸೆ, ಮತ್ತೆ ಕಸ. ಕಡೆಗೆ ಪದರದ ಕೆಳಗೆ ಕುಲುಮೆಗಳ ಒಂದು ಸಾಲೇ ಕಂಡಿತು: ಒಂದರ ಪಕ್ಕ ಒಂದು, ಒಟ್ಟು ಏಳು. ಒಂದೊಂದರಲ್ಲೂ 36 ಮೂಸೆ ನಿಲ್ಲುವ ಜಾಗ. ಎಷ್ಟೋ ನೂರು ವರ್ಷಗಳ ಹಿಂದೆ ಕೆಲಸಗಾರರು ಇಟ್ಟು ಹೋದ ಮೂಸೆಗಳು ಇಟ್ಟಲ್ಲೇ ನಿಂತಿದ್ದವು. ಬಾಯಿ ಕೆಳಗೆ, ಬುಡ ಮೇಲೆ. ಪುಸ್ತಕದಲ್ಲಿದ್ದ ಬದನೆಕಾಯಿ ತನ್ನ ತೊಟ್ಟನ್ನು ಕೆಳಗೆ ಮಾಡಿ ನಿಂತಿತ್ತು.

ಮೂಸೆಯನ್ನು ತಲೆಕೆಳಗು ಮಾಡಿದರೆ ಒಳಗಿನ ಅದಿರು ಸುರಿದು ಹೋಗಬೇಕಲ್ಲ? ಆ ಪ್ರಶ್ನೆಗೆ ಉತ್ತರವೂ ಮೂಸೆಯೊಳಗೇ ಇತ್ತು. ಅದಿರು, ಇದ್ದಲು, ಉಪ್ಪು ಸೇರಿಸಿ ಉಂಡೆ ಕಟ್ಟಿ ತುಂಬಿದ ಮೇಲೆ ಕೆಲಸಗಾರರು ಬಾಯಿಯಿಂದ ಒಳಕ್ಕೆ ಒಂದು ಕಡ್ಡಿ ಸೇರಿಸುತ್ತಿದ್ದರು. ಮೂಸೆ ಕವುಚಿದಾಗ ಉಂಡೆಗಳು ಬೀಳದಂತೆ ಕಡ್ಡಿ ತಡೆಯಿತು. ಕಾವು ಏರಿ ಉಂಡೆಗಳು ಒಂದಕ್ಕೊಂದು ಅಂಟಿಕೊಳ್ಳುವಷ್ಟರಲ್ಲಿ ಕಡ್ಡಿ ಸುಟ್ಟು ಕರಿಯಾಗಿ, ತಾನಿದ್ದ ಜಾಗವನ್ನು ಹಬೆ ಇಳಿಯುವ ದಾರಿಯಾಗಿ ಬಿಟ್ಟುಕೊಟ್ಟಿತು. ಮೇಲಿನ ಕೋಣೆಯಲ್ಲಿ ಬೆಂಕಿ, ನಡುವೆ ತೂತಿನ ಇಟ್ಟಿಗೆ ಹಲಗೆ, ಕೆಳಗೆ ತಂಪಾದ ಕೋಣೆ. ಹಬೆ ಆ ದಾರಿಯಲ್ಲಿ ಇಳಿದು ಹನಿಯಾಗಿ ಶೇಖರವಾಯಿತು. ಈ ಕಡ್ಡಿಯ ಉಪಾಯ ಹೊಳೆಯುವ ಮೊದಲು ಎಷ್ಟು ಮೂಸೆಗಳ ಅದಿರು ಬೆಂಕಿಯ ಪಾಲಾಯಿತೋ! ಚಾಂಪಿಯನ್ನನ ಪೇಟೆಂಟಿಗೆ ನೂರಾರು ವರ್ಷ ಮೊದಲೇ ಜಾವರ್‌ನಲ್ಲಿ ಸತು ಇಳಿಯುತ್ತಿತ್ತು. 1988ರಲ್ಲಿ ಅಮೆರಿಕದ ಲೋಹಶಾಸ್ತ್ರಜ್ಞರ ಸಂಸ್ಥೆ ಎಎಸ್‌ಎಂ ಇಂಟರ್‌ನ್ಯಾಷನಲ್ ಜಾವರ್‌ನ ಈ ಸಾಧನೆಗೆ ಚಾರಿತ್ರಿಕ ಮನ್ನಣೆ ಕೊಟ್ಟಿತು.

ಸತುವನ್ನು ಹೀಗೆ ಪಳಗಿಸಿದ ನಾಡಿನಲ್ಲೇ ಸತುವಿನ ಮೇಲೆ ಒಂದು ಕಲೆ ನಿಂತದ್ದು ಸಹಜ. ಬಹಮನಿ ಸುಲ್ತಾನ ಅಹಮದ್ ಷಾ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಇರಾನಿನ ಕುಸುರಿಯವರು ಆ ಆಸ್ಥಾನಕ್ಕೆ ಬಂದರು, ಅವರ ಕೈಚಳಕವೂ ಇಲ್ಲಿನವರ ಎರಕವೂ ಸೇರಿ ಬಿದ್ರಿ ಹುಟ್ಟಿತು ಎಂದು ಊರಿನವರು ಹೇಳುತ್ತ ಬಂದಿದ್ದಾರೆ. ಕಲೆಗೆ ಊರಿನ ಹೆಸರೇ ಬಂತು. ಆದರೆ ಬರಿಯ ಸತು ಅವರಿಗೆ ಸಾಲಲಿಲ್ಲ. ಅವರು ಅದಕ್ಕೆ ತಾಮ್ರ ಬೆರೆಸಿದರು: ಇಂದು ಹೇಳುವ ಲೆಕ್ಕದಲ್ಲಿ 16 ಪಾಲು ಸತುವಿಗೆ 1 ಪಾಲು.

ಬೆರೆಸುವುದು ಸುಲಭವಿರಲಿಲ್ಲ. ತಾಮ್ರ ಕರಗುವ ಕಾವಿಗೆ ಸತು ಕುದಿದು ಹೊಗೆಯಾಗಿ ಹೋಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ, ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇನ್ 19ನೇ ಶತಮಾನದ ಆರಂಭದಲ್ಲಿ ಬಿದ್ರಿಯ ಕೆಲಸವನ್ನು ಬರೆದಿಟ್ಟ. ಕಸುಬಿನವರು ತಾಮ್ರವನ್ನು ಮೊದಲು ಸೀಸ, ತವರಗಳ ಜೊತೆ ಕರಗಿಸಿಕೊಂಡು, ಆ ಮಿಶ್ರಣದ 3 ಔನ್ಸಿಗೆ 16 ಔನ್ಸ್ ಸತು ಸೇರಿಸುತ್ತಿದ್ದರು ಎಂಬುದು ಅವನ ಲೆಕ್ಕ. ಕರಗುತ್ತಿರುವ ಲೋಹದ ಮೇಲೆ ಮೇಣವನ್ನೂ ರಾಳವನ್ನೂ ಎಸೆಯುತ್ತಿದ್ದ ಸಂಗತಿ ಆ ಕಾಲದ ಬರಹಗಳಲ್ಲಿದೆ. ಅವು ಉರಿದು ಗಾಳಿಯನ್ನು ದೂರವಿಟ್ಟವು, ಸತು ಬೂದಿಯಾಗದೆ ಉಳಿಯಿತು. ಜಾವರ್‌ನಲ್ಲಿ ಕವುಚಿದ ಮೂಸೆ ಮಾಡಿದ ಕೆಲಸವನ್ನು ಬೀದರಿನ ಒಲೆಯಲ್ಲಿ ಒಂದು ಉಂಡೆ ಮೇಣ ಮಾಡಿತು.

ಎರಕ ಬಿಡಿಸಿದ ಮೇಲೆ ಅರದಿಂದ ಉಜ್ಜಿ ನುಣುಪು ಮಾಡಿದ ಬಳೆಗೆ ಕಸುಬಿನವರು ಮೈಲುತುತ್ತದ ನೀರು ಸವರಿದರು. ನರಿಕೊಂಬಿನ ತೋಟದವರು ಸುಣ್ಣದ ಜೊತೆ ಕಲಸಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಅದೇ ನೀಲಿ ಹರಳು. ಬೂದು ಮೈ ಒಮ್ಮೆಲೇ ಕಪ್ಪಿಟ್ಟಿತು. ಆದರೆ ಆ ಕಪ್ಪು ನಿಲ್ಲುವಂಥದಲ್ಲ, ಉಜ್ಜಿದರೆ ಹೋಗುತ್ತದೆ. ಅದರ ಮೇಲೆ ಉಳಿಯ ಮೊನೆಯಿಂದ ಎಳೆದ ಗೆರೆ ಬೆಳ್ಳಗೆ ಕಾಣಲಿ ಎಂಬುದಷ್ಟೇ ಉದ್ದೇಶ, ಹಲಗೆಯ ಮೇಲೆ ಬಳಪ ಆಡಿದ ಹಾಗೆ. ಅಲುಗದಂತೆ ಅರಗಿನಲ್ಲಿ ಕೂರಿಸಿದ ಬಳೆಯ ಮೇಲೆ ಬಳ್ಳಿ ಕೊರೆದು, ಕೊರೆದ ಕಾಲುವೆಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಮತ್ತೆ ಅರ ಹಿಡಿದಾಗ ತಾತ್ಕಾಲಿಕ ಕಪ್ಪೆಲ್ಲ ಉದುರಿ, ಮೈಯೂ ಬೆಳ್ಳಿಯೂ ಒಂದೇ ಬಣ್ಣವಾಗಿ, ದುಡಿಮೆಯೆಲ್ಲ ಕಣ್ಮರೆಯಾಯಿತು. ಈಗ ಉಳಿದದ್ದು ಮಣ್ಣು.

ಎಲ್ಲ ಮಣ್ಣೂ ಆ ಕೆಲಸ ಮಾಡಲಿಲ್ಲ. ಹೊಲದ ಮಣ್ಣು ಹಚ್ಚಿದರೆ ಲೋಹ ಮಂಕಾಯಿತು, ಕಪ್ಪಾಗಲಿಲ್ಲ. ಕೋಟೆಯೊಳಗೆ ಮಳೆ ಬಿಸಿಲು ತಾಗದೆ ತಲೆಮಾರುಗಟ್ಟಲೆ ಮುಚ್ಚಿದ್ದ ಮೂಲೆಗಳ ಮಣ್ಣು ಮಾತ್ರ ಒಪ್ಪಿತು. ಅದರಲ್ಲಿಯೂ ಒಂದು ಮೊಳ ಆಚೆಗಿನದು ಚೆನ್ನ, ಈಚೆಗಿನದು ಸಪ್ಪೆ. ಆರಿಸುವುದು ಹೇಗೆ? ಕಣ್ಣಿಗೆ ಎರಡೂ ಒಂದೇ. ಕಸುಬಿನವರು ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲೆ ಇಟ್ಟುಕೊಂಡರು. ಒಂದು ಬಗೆಯ ಚುರುಕು ಉಪ್ಪು ನಾಲಿಗೆಗೆ ತಾಗಿದರೆ ಬುಟ್ಟಿ ತುಂಬಿಕೊಂಡರು, ಇಲ್ಲದಿದ್ದರೆ ಉಗುಳಿ ಮುಂದೆ ಹೋದರು. ಅಪ್ಪ ಮಗನಿಗೆ ಕಲಿಸಿದ ಪಾಠಗಳಲ್ಲಿ ಇದೂ ಒಂದು. ಅದನ್ನು ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. ಮಗನೇ ಮಣ್ಣು ತಿಂದು ಕಲಿಯಬೇಕಿತ್ತು.

1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದ್ರಿ ಪಾತ್ರೆಗಳು ಸಾಲಾಗಿ ನಿಂತಾಗ ಜನ ಬೆರಗಾಗಿ ನೋಡಿದರು. ಹೊರಗಿನ ವಿದ್ವಾಂಸರ ಟಿಪ್ಪಣಿಗಳಲ್ಲಿ ನವಸಾಗರ, ಪೆಟ್ಲುಪ್ಪು, ಅಡಿಗೆ ಉಪ್ಪು, ಮೈಲುತುತ್ತಗಳ ಪಟ್ಟಿ ಬಂತು. ಪಟ್ಟಿ ಸಿಕ್ಕಿತೇ ಹೊರತು ಕಾರಣ ಸಿಗಲಿಲ್ಲ. ಮಣ್ಣಿನ ಮಹಿಮೆ ಎಂದವರು ಮಣ್ಣನ್ನೇ ಹೊಗಳಿದರು. ಲೋಹದಲ್ಲಿ ತಾಮ್ರ ಏಕೆ ಇದೆ ಎಂದು ಕೇಳಿದವರು ಕಡಿಮೆ. ಎರಕ ಗಟ್ಟಿಯಾಗಲೆಂದು ಬೆರೆಸಿರಬೇಕು ಎಂದುಕೊಂಡು ಸುಮ್ಮನಾಗುವುದು ಸುಲಭವಿತ್ತು.

ಲಂಡನ್ನಿನಲ್ಲೇ ಆ ಗಂಟು ಬಿಚ್ಚಿತು. ಬ್ರಿಟಿಷ್ ಮ್ಯೂಸಿಯಂನ ಸೂಸನ್ ಲಾ ನೀಸ್ ಮತ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಗ್ರಹಾಂ ಮಾರ್ಟಿನ್ ಸಂಗ್ರಹದಲ್ಲಿದ್ದ ಹಳೆಯ ಬಿದ್ರಿ ವಸ್ತುಗಳ ಲೋಹವನ್ನು ಒಂದೊಂದಾಗಿ ಪರೀಕ್ಷಿಸಿದರು. ಎಲ್ಲದರಲ್ಲೂ ಸತುವೇ ಮುಖ್ಯ. ಸೀಸ ಕೆಲವದರಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ. ತಾಮ್ರ ಮಾತ್ರ ಸ್ವಲ್ಪವಾದರೂ ತಪ್ಪದೆ ಇತ್ತು. ಅವರು ಅಲ್ಲಿಗೆ ನಿಲ್ಲಲಿಲ್ಲ. ಲವಣಗಳ ಮಿಶ್ರಣವನ್ನು ತಾವೇ ಕಲಸಿ, ಲೋಹಕ್ಕೆ ಹಚ್ಚಿ, ಬೀದರಿನ ಕಪ್ಪನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಲು ಹೊರಟರು. ತಾಮ್ರ ಇಲ್ಲದಿದ್ದರೆ ಆ ಕಪ್ಪು ಬರಲಿಲ್ಲ. ತಾಮ್ರ ಬೆರೆತ ಸತು ಬೀದರಿನ ಬಳೆಯಂತೆಯೇ ಕಪ್ಪಾಯಿತು. 1987ರಲ್ಲಿ ಅವರ ಲೇಖನ ಪ್ರಕಟವಾಯಿತು.

ಆದದ್ದು ಇಷ್ಟು. ಹಳೆಯ ಗೋಡೆಗಳ ಬುಡದ ಮಣ್ಣಿನಲ್ಲಿ ಕಾಲಾಂತರದಲ್ಲಿ ಪೆಟ್ಲುಪ್ಪು ಕೂಡುತ್ತದೆ. ಮಳೆ ತಾಗದಿದ್ದರೆ ಅದು ತೊಳೆದು ಹೋಗದೆ ಉಳಿಯುತ್ತದೆ. ನಾಲಿಗೆಗೆ ಚುರುಕೆನಿಸಿದ್ದು ಅದೇ. ನವಸಾಗರದ ಜೊತೆ ಸೇರಿ ಅದು ಬಳೆಯ ಹೊರಮೈಯಿಂದ ಸತುವನ್ನು ಕರಗಿಸಿ ತೆಗೆಯುತ್ತದೆ. ಸುಲಭವಾಗಿ ಕರಗದ ತಾಮ್ರ ಮೇಲೆಯೇ ಉಳಿದು, ಅತಿ ಸಣ್ಣ ಕಣಗಳ ತೆಳು ಪದರವಾಗಿ ಕೂತು ಬೆಳಕನ್ನು ನುಂಗುತ್ತದೆ. ಅದೇ ಕಪ್ಪು. ಬೆಳ್ಳಿಯ ಮೇಲೆ ಈ ಲವಣಗಳ ಆಟ ನಡೆಯುವುದಿಲ್ಲ, ಹಾಗಾಗಿ ಅದು ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಸವರುವ ಎಣ್ಣೆ ಕಪ್ಪನ್ನು ಇನ್ನಷ್ಟು ಆಳ ಮಾಡುತ್ತದೆ.

ಮಣ್ಣು ಒಂದೇ ಆಗಿದ್ದರೆ ಯಾವ ಊರಿನ ಹಳೆಯ ಕೋಟೆಯಲ್ಲಾದರೂ ಬಿದ್ರಿ ಹುಟ್ಟಬಹುದಿತ್ತು. ತಾಮ್ರ ಒಂದೇ ಆಗಿದ್ದರೆ ಯಾವ ಕಂಚುಗಾರನ ಮನೆಯಲ್ಲಾದರೂ ಹುಟ್ಟಬಹುದಿತ್ತು. ಎರಡನ್ನೂ ಸರಿಯಾದ ಹದದಲ್ಲಿ ಸೇರಿಸುವವರೆಗೆ ಹಟ ಬಿಡದೆ ಎರೆದು, ಒಡೆದು, ಮತ್ತೆ ಎರೆದ ಕೈಗಳು ಇದ್ದದ್ದು ಬೀದರಿನಲ್ಲಿ. ಆ ಕೈಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರ ಕಸುಬಿನ ವಾರಸುದಾರರಲ್ಲಿ ಒಬ್ಬರಾದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಇಂದಿಗೂ ಬೀದರಿನಲ್ಲಿ ಸತು ಕರಗಿಸಿ ಹೊಯ್ಯುವುದು ಹರಳೆಣ್ಣೆ ಕಲಸಿದ ಮಣ್ಣಿನ ಅಚ್ಚಿಗೇ. ಕಪ್ಪು ಬರಿಸುವ ಮಣ್ಣಿಗೆ ಮೊದಲ ಪರೀಕ್ಷೆ ನಡೆಯುವುದು ನಾಲಿಗೆಯ ತುದಿಯಲ್ಲೇ.